ಬಂದಿಲ್ಲವೆಂದ ಮೂರು ಕಾಗದ

ಪಾತ್ರೆಯ ತಳದಲ್ಲಿ ಹಾಲು ಸೀದು ಕರ್ರಗೆ ಕೂತಿತ್ತು. ಮೊದಲು ನಾರಿನಿಂದ ಉಜ್ಜಿದಳು, ಆಮೇಲೆ ಸೋಪಿನ ಪುಡಿ ಉದುರಿಸಿ ಉಜ್ಜಿದಳು, ಈಗ ಚಮಚದ ತುದಿಯಿಂದ ಕೆರೆಯುತ್ತಿದ್ದಳು. ಕೆರೆದ ಹಾಗೆಲ್ಲ ಕಿರ್ರೆನ್ನುವ ಸದ್ದು ಹಲ್ಲಿನ ಬುಡಕ್ಕೆ ತಾಗುತ್ತಿತ್ತು. ನಲ್ಲಿಯ ನೀರು ಸಣ್ಣಗೆ ಬೀಳುತ್ತಿತ್ತು. ಅದನ್ನು ದೊಡ್ಡದು ಮಾಡಲೂ ಬೇಡ, ನಿಲ್ಲಿಸಲೂ ಬೇಡ ಎನ್ನಿಸುವಂಥ ಬೆಳಗು. ‘ತಾಂತ್ರಿಕ ಕಾರಣಗಳಿಂದಾಗಿ ತಮ್ಮ ಪತ್ರಗಳು’ ಎಂಬಲ್ಲಿಗೆ, ಕಳಿಸದೇ ಉಳಿದ ಕಾಗದದ ಆ ಅರ್ಧ ಸಾಲಿಗೆ, ಬಂದು ಮನಸ್ಸು ನಿಂತಿತು. ಪತ್ರಗಳು ಏನಾದವು? ‘ತಲುಪಲಾಗಲಿಲ್ಲ’ ಎಂದರೆ ಪತ್ರಗಳಿಗೇ ಕಾಲುನೋವು ಬಂದ ಹಾಗಾಯಿತು. ‘ಸ್ವೀಕೃತವಾಗಲಿಲ್ಲ’ ಎಂದರೆ ಸ್ವೀಕರಿಸದವರು ಯಾರೂ ಇಲ್ಲವೇ ಇಲ್ಲ ಎಂಬ ಹಾಗೆ. ಏಳು ತಿಂಗಳಿಂದ ಈ ಒಂದು ವಾಕ್ಯವನ್ನು ಅವಳು ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ಬಟ್ಟೆ ಮಡಿಸುವಾಗ ತಿರುಗಿಸಿ ಮಗುಚುತ್ತಿದ್ದಳು. ಯಾವ ಮಗ್ಗುಲಲ್ಲಿ ಮಲಗಿಸಿದರೂ ಅದು ಸುಳ್ಳೇ ಹೇಳುತ್ತಿತ್ತು.

“ಅತ್ತಿಗೆ, ಆ ಪಾತ್ರೆ ನಿನಗೇನು ದ್ರೋಹ ಮಾಡಿದೆ? ತಳ ತೂತಾಗೋವರೆಗೂ ಬಿಡೋ ಹಾಗೆ ಕಾಣಲ್ಲ ನೀನು,” ಎಂದಳು ನಾದಿನಿ, ಹೊಲಿಗೆ ಯಂತ್ರದ ಮುಂದಿನಿಂದ ತಲೆಯೆತ್ತದೆ. ಅತ್ತಿಗೆಯ ಗಂಡ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ನಡುವಿನ ಮನುಷ್ಯ ಹೋದ ಮೇಲೂ ಅತ್ತಿಗೆ ನಾದಿನಿ ಎಂಬ ನಂಟು ಮಾತ್ರ, ಗೋಡೆ ಬಿದ್ದರೂ ನಿಂತ ಬಾಗಿಲಿನ ಚೌಕಟ್ಟಿನಂತೆ, ಎರಡು ಕೋಣೆಯ ಈ ಮನೆಯಲ್ಲಿ ಉಳಿದುಕೊಂಡಿತ್ತು.

“ಹಾಲು ಉಕ್ಕಿದ್ದು ನೋಡಲಿಲ್ಲ.”

“ಒಲೆ ಮುಂದೇನೇ ನಿಂತಿದ್ದೆಯಲ್ಲ. ಕಣ್ಣಾಸ್ಪತ್ರೇಲಿ ಕೆಲಸ ಮಾಡೋರಿಗೇ ಕಣ್ಣು ಕಾಣಲ್ಲ ಅಂದ್ರೆ ನಾವೆಲ್ಲ ಎಲ್ಲಿಗೆ ಹೋಗೋದು? ಏನು ಯೋಚನೆ ನಿಂದು? ಕೇಳಿದ್ರೆ ‘ಏನಿಲ್ಲ’ ಅಂತೀಯ. ಏನಿಲ್ಲದ ಯೋಚನೆಗೆ ವಾರಕ್ಕೆ ಎರಡು ಸಲ ಹಾಲು ಸೀಯುತ್ತಾ?”

“ಏನಿಲ್ಲ,” ಎಂದುಬಿಟ್ಟು, ಅಂದದ್ದು ಕಿವಿಗೆ ಬಿದ್ದು, ತುಟಿ ಕಚ್ಚಿಕೊಂಡಳು. ನಾದಿನಿ ನಗಲಿಲ್ಲ. ಯಂತ್ರದ ಚಕ್ರಕ್ಕೆ ಕೈಕೊಟ್ಟು ನಿಲ್ಲಿಸಿ, ಹಲ್ಲಿನಿಂದ ದಾರ ಕಡಿದಳು, ಅಷ್ಟೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಟಪಾಲಕ್ಕ ಎನ್ನುತ್ತಿದ್ದರು. ಮೂವತ್ತೊಂದು ವರ್ಷದ ಹಿಂದೆ ಲಕೋಟೆ ಹರಿದು, ಮೊಹರು ಒತ್ತಿ, ಆಯಾ ವಿಭಾಗಕ್ಕೆ ಹಂಚುವ ಕೆಲಸಕ್ಕೆ ಸೇರಿದವಳು. ಲಕೋಟೆಗಳು ಹೋಗಿ ಇಮೇಲ್ ಬಂದಾಗ, ಕಾಗದ ಅಂದ ಮೇಲೆ ಕಾಗದವೇ ಅಲ್ಲವೇ ಎಂದು ಅವಳನ್ನೇ ಕೋರ್ಸಿಗೆ ಕಳಿಸಿದರು. ನಲವತ್ತು ದಾಟಿದ ಹೆಂಗಸು ಗಡ್ಡ ಬಾರದ ಹುಡುಗರ ನಡುವೆ ಕೂತು ಸರ್ವರ್ ಎಂದರೇನು ಎಂದು ಬರೆದುಕೊಂಡಿದ್ದಳು. ಕಲಿತಳು. ಬಾಗಿಲಿಗೆ ಬಂದವರನ್ನು ಒಳಗೆ ಬಿಡುವುದು ಅಥವಾ ಹೊರಗೆ ಕಳಿಸುವುದು, ಅಷ್ಟೆ ಅದು; ಅದು ಅವಳಿಗೆ ಮೊದಲೇ ಗೊತ್ತಿತ್ತು. ದಿನಕ್ಕೆ ಒಂಬತ್ತು ಹತ್ತು ಸಾವಿರ ಇಮೇಲ್ ಆ ಬಾಗಿಲು ತಟ್ಟುತ್ತಿದ್ದವು. ಅದರಲ್ಲಿ ಆಸ್ಪತ್ರೆಗೆ ಬೇಕಾದದ್ದು ಸಾವಿರವೂ ಇಲ್ಲ. ಉಳಿದದ್ದು ಬೋಳುತಲೆಗೆ ಎಣ್ಣೆ, ಎಂದೂ ಕೊಳ್ಳದ ಲಾಟರಿಯ ಬಹುಮಾನ, ಸತ್ತ ರಾಜಕುಮಾರನ ಆಸ್ತಿ. ಪ್ರತಿದಿನ ಬೆಳಿಗ್ಗೆ, ತಿರಸ್ಕರಿಸಿದ ಇಮೇಲುಗಳ ಪಟ್ಟಿಯನ್ನು, ಕಂಪ್ಯೂಟರಿನವರು ಅದಕ್ಕೆ ಲಾಗ್ ಎನ್ನುತ್ತಾರೆ, ಕಿಟಕಿಯ ಬುಡದಲ್ಲಿ ಸತ್ತುಬಿದ್ದ ನೊಣಗಳನ್ನು ಗುಡಿಸುವವಳ ಹಾಗೆ ಒಮ್ಮೆ ನೋಡಿ ಮುಗಿಸುತ್ತಿದ್ದಳು. ನೊಣಗಳಿಗೆ ಮುಖ ಇರುವುದಿಲ್ಲ. ಬಸ್ಸಿನ ಗಾಜಿನಲ್ಲಿ ಅವಳ ಮುಖ ಅಂಗಡಿಗಳ ಮೇಲೆ, ಗೋಡೆಗಳ ಮೇಲೆ, ನಿಂತ ಜನರ ಮೇಲೆ ಹಾದು ಹೋಗುತ್ತಿತ್ತು.

ಒಂದು ಕಂಪನಿಯ ಮೇಲೆ ಅವಳಿಗೆ ಹಳೆಯ ಸಿಟ್ಟಿತ್ತು. ದೂರದ ಒಂದಷ್ಟು ಊರುಗಳಿಗೆ ಇಂಟರ್ನೆಟ್ ಕೊಡುವ ಕಂಪನಿ. ಅದರ ನೆಟ್‌ವರ್ಕಿನೊಳಗೆ ಕೂತು ಯಾರೋ ಕಸ ಕಳಿಸುತ್ತಿದ್ದರು. ಕಂಪನಿಗೆ ಅದು ಗೊತ್ತಿತ್ತು. ಎರಡು ವರ್ಷದಲ್ಲಿ ನೂರಾ ಹನ್ನೊಂದು ದೂರು ಬರೆದಿದ್ದಳು, ಯಾವ ವಿಳಾಸದಿಂದ, ಎಷ್ಟು ಗಂಟೆಗೆ, ಏನು ಬಂತು ಎಂಬ ವಿವರದ ಸಮೇತ. ನೂರಾ ಹನ್ನೊಂದಕ್ಕೂ ಒಂದೇ ಉತ್ತರ: ‘ನಿಮ್ಮ ಕಾಳಜಿಗೆ ಧನ್ಯವಾದಗಳು.’ ಕಿವುಡನ ಮುಂದೆ ಕಿನ್ನರಿ. ಅವಳು ಒಂದು ವಿಳಾಸ ಮುಚ್ಚಿದರೆ ಪಕ್ಕದ ವಿಳಾಸದಿಂದ ಬರುತ್ತಿತ್ತು, ಅದನ್ನೂ ಮುಚ್ಚಿದರೆ ಅದರ ಪಕ್ಕದ್ದು. ಕೊನೆಗೊಂದು ದಿನ ಕನ್ನಡಕದ ಲೆನ್ಸಿನ ವ್ಯಾಪಾರಿಯ ವೇಷದಲ್ಲಿ ಬಂದ ಇಮೇಲೊಂದನ್ನು ಆಪರೇಷನ್ ಪಟ್ಟಿ ಮಾಡುವವಳು ತೆರೆದಳು. ಅದರೊಳಗಿನ ವೈರಸ್ಸಿನಿಂದ ಎರಡು ದಿನ ಪಟ್ಟಿಯೇ ತೆರೆಯಲಿಲ್ಲ. ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತಿದ್ದ ಇಪ್ಪತ್ತಾರು ಮಂದಿ, ಗೋಡೆ ಹಿಡಿದುಕೊಂಡು ಮನೆಗೆ ವಾಪಸ್ಸು ಹೋದರು. ಮುಖ್ಯ ವೈದ್ಯರು ಎಲ್ಲರ ಎದುರಿಗೆ ಅವಳನ್ನು ನಿಲ್ಲಿಸಿಕೊಂಡು, “ನಿಮ್ಮನ್ನ ಬಾಗಿಲು ಕಾಯೋಕೆ ಇಟ್ಟಿದ್ದೀವಾ, ಬಾಗಿಲು ತೆಗೆಯೋಕಾ?” ಎಂದರು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಸ್ಕೂಲುಹುಡುಗಿಯ ಹಾಗೆ ಕೈಬೆರಳು ಹಿಸುಕಿಕೊಳ್ಳುತ್ತ ನಿಂತಿದ್ದಳು. ಅಂದು ಮಧ್ಯಾಹ್ನ ಊಟ ಬಿಟ್ಟು, ಆ ಕಂಪನಿಯ ಇಡೀ ನೆಟ್‌ವರ್ಕನ್ನೇ ಮುಚ್ಚಿದಳು. ಅರವತ್ತೈದು ಸಾವಿರ ವಿಳಾಸ. ಒಂದೇ ಒಂದು ಸಾಲು ಬರೆದರೆ ಸಾಕಾಗಿತ್ತು. ಊರಿಗೆ ಊರೇ ಹೊರಗೆ. ಹೊರಗೆ ನಿಂತವರಿಗೆ ಯಂತ್ರ ಒಂದು ಉತ್ತರ ಕಳಿಸುತ್ತದೆ. ಅದರ ಕೊನೆಗೆ ಬೇಕಾದರೆ ನಮ್ಮ ಮಾತನ್ನೂ ಸೇರಿಸಬಹುದು. ಸೇರಿಸಿದಳು: ‘ನಿಮ್ಮ ಕಂಪನಿ ಕಳ್ಳರಿಗೆ ನೆರಳು ಕೊಟ್ಟಿದೆ. ಆ ನೆರಳಲ್ಲಿ ನಿಂತವರ ಕಾಗದವನ್ನು ಈ ಆಸ್ಪತ್ರೆ ಮುಟ್ಟುವುದಿಲ್ಲ.’

ಎಂಥ ವಾಕ್ಯ! ಬರೆದು ಮೂರು ಸಲ ಓದಿಕೊಂಡಿದ್ದಳು. ತಂತಿ ಎಳೆಯುವ ಕೆಲಸದವನು, ಎಲ್ಲರೂ ಕೇಬಲ್ ಎಂದೇ ಕರೆಯುವವನು, ಹೊಟ್ಟೆ ಹಿಡಿದುಕೊಂಡು ನಕ್ಕು, “ಟಪಾಲಕ್ಕ, ನೀನು ಕಾಗದ ಹಂಚೋಳಲ್ಲ, ಶಾಪ ಹಾಕೋಳು,” ಎಂದಿದ್ದ. ಬೇರೆ ಎರಡು ಆಸ್ಪತ್ರೆಯವರು ಆ ವಾಕ್ಯ ಕೇಳಿ ಪಡೆದಿದ್ದರು. ಕಸ ಮೂರರಲ್ಲಿ ಒಂದು ಪಾಲು ಇಳಿಯಿತು. ಮುಖ್ಯ ವೈದ್ಯರು ಕಾರಿಡಾರಿನಲ್ಲಿ ಎದುರಾದಾಗ ತಲೆಯಾಡಿಸಿದರು. ಜೀವನದಲ್ಲಿ ಯಾರಿಗೂ ಒಂದು ಗಟ್ಟಿ ಮಾತು ಆಡದವಳು ಆ ಎರಡು ಸಾಲಿನಲ್ಲಿ ಅಷ್ಟನ್ನೂ ಆಡಿ ಮುಗಿಸಿದಂತೆ ನಾಲ್ಕು ವರ್ಷ ಹಾಯಾಗಿದ್ದಳು.

ಇಳಿಯುವ ಸ್ಟಾಪ್ ಬಂತು. ಆಸ್ಪತ್ರೆಯ ಮುಂದಿನ ಮೆಟ್ಟಿಲ ಮೇಲೆ ಎಂದಿನ ಜನ: ಒಂದು ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿಕೊಂಡವರು, ಅವರ ಮೊಣಕೈ ಹಿಡಿದವರು, ಕಪ್ಪು ಕನ್ನಡಕದೊಳಗಿನಿಂದ ಎಲ್ಲರನ್ನೂ ಅನುಮಾನದಿಂದ ನೋಡುವವರು. ಅವರ ನಡುವೆ ನಡೆದು ಹೋಗುವಾಗ ಅವಳಿಗೆ ಏಳು ತಿಂಗಳಿಂದ ಒಂದು ಅಭ್ಯಾಸವಾಗಿತ್ತು: ತಲೆ ತಗ್ಗಿಸಿ, ಚೀಲದಲ್ಲಿ ಏನೋ ಹುಡುಕುವವಳಂತೆ ನಡೆಯುವುದು. ಗಡಿಯಾರದವರು ಎಂದೇ ಎಲ್ಲರೂ ಕರೆಯುವ ಮುದುಕರೊಬ್ಬರು ಮತ್ತು ಅವರ ಮಗಳು ತಿಂಗಳಿಗೊಂದು ಸಲ ಬರುತ್ತಿದ್ದರು. ಅವರು ಬರುವ ವಾರ ಯಾವುದೆಂದು ತನಗೆ ಗೊತ್ತಿಲ್ಲ ಎಂದು ಅವಳು ಅಂದುಕೊಂಡಿದ್ದಳು. ಇವತ್ತು ಎಂದು ಗೊತ್ತಿತ್ತು. ಹಾಲು ಸೀದದ್ದು ಸುಮ್ಮನಲ್ಲ.

ಅವರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಐವತ್ತು ವರ್ಷ ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸಿದವರು. ಆ ಕಣ್ಣಿನ ಪೊರೆ ಇಲ್ಲಿ ತೆಗೆಸಿಕೊಂಡು ಊರಿಗೆ ಹೋಗಿದ್ದರು. ಹೋಗುವಾಗ ಎಲ್ಲರಿಗೂ ಕೊಡುವ ಚೀಟಿ ಅವರಿಗೂ ಕೊಟ್ಟಿದ್ದರು: ‘ಕಣ್ಣಲ್ಲಿ ಮಿಂಚು ಹೊಡೆದಂತಾದರೆ, ಮಸಿ ಉದುರಿದಂತಾದರೆ, ಪರದೆ ಇಳಿದಂತಾದರೆ ಕೂಡಲೇ ಈ ವಿಳಾಸಕ್ಕೆ ಬರೆಯಿರಿ. ನಾವೇ ಫೋನ್ ಮಾಡಿ ಕರೆಸುತ್ತೇವೆ.’ ಮಿಂಚು ಹೊಡೆಯಿತು. ಮಗಳು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಕೆಲಸ ಬಿಟ್ಟು ಮನೆಗೆ ಓಡಿ ಬರೆದಳು. ಮಸಿ ಉದುರಿತು, ಬರೆದಳು. ಪರದೆ ಇಳಿಯಿತು, ಬರೆದಳು. ಅವರ ಊರಿಗೆಲ್ಲ ಇರುವುದು ಆ ಒಂದೇ ಕಂಪನಿ. ಪ್ರತಿ ಸಲವೂ ಆಸ್ಪತ್ರೆಯ ಹೆಸರಿನಿಂದ ಅವಳಿಗೊಂದು ಉತ್ತರ ಬಂತು. ಮೊದಲ ಸಾಲು: ‘ಇದು ತಾನಾಗಿ ಕಳಿಸಲಾದ ಉತ್ತರ.’ ಅದರ ಕೆಳಗೆ ಅರ್ಧ ಪುಟ ಅಂಕಿ, ಚುಕ್ಕೆ, ಅಡ್ಡಗೆರೆ. ಅವಳು ಮೊದಲ ಸಾಲು ಓದಿ, ಸದ್ಯ, ಮುಟ್ಟಿತು ಎಂದುಕೊಂಡು ಫೋನನ್ನು ಅಪ್ಪನ ಹಾಸಿಗೆಯ ಪಕ್ಕದಲ್ಲಿಟ್ಟು ಕಾಯುತ್ತ ಕೂತಳು. ಆರು ದಿನ ಕಾದಳು. ಏಳನೆಯ ದಿನ ಕಾಯಲಾರದೆ ಕರೆದುಕೊಂಡು ಬಂದಾಗ ಕಣ್ಣಿನ ಒಳಪದರ ನೋಡುವ ರೆಟಿನಾ ಡಾಕ್ಟರು ದೀಪ ಆರಿಸಿ ಕೈತೊಳೆದುಕೊಂಡರು. ಬಲಗಣ್ಣು ಹೋಗಿತ್ತು.

“ಒಂದು ವಾರದ ಹಿಂದೆ ತರೋಕೆ ಏನಾಗಿತ್ತಮ್ಮ?”

“ಬರೆದಿದ್ದೆ ಡಾಕ್ಟ್ರೇ. ಮೂರು ಸಲ ಬರೆದೆ. ನಿಮ್ಮಿಂದ ಉತ್ತರಾನೂ ಬಂತು.”

ಡಾಕ್ಟರು ಟಪಾಲಕ್ಕನನ್ನು ಕರೆಸಿದರು. ಅವಳು ಅಲ್ಲಿಯೇ ನಿಂತು, ಡಾಕ್ಟರ ಕಂಪ್ಯೂಟರಿನಲ್ಲಿ, ಮಗಳು ಹೇಳಿದ ವಿಳಾಸ ಹಾಕಿ ಹುಡುಕಿದಳು. ಒಳಗೆ ಬಂದ ಇಮೇಲುಗಳಲ್ಲಿ ಇರಲಿಲ್ಲ. “ಬಂದಿಲ್ಲ ಸಾರ್,” ಎಂದಳು. ಡಾಕ್ಟರು ಫೈಲಿನಲ್ಲಿ ‘ರೋಗಿಯ ಕಡೆಯವರ ನಿರ್ಲಕ್ಷ್ಯ, ತಡವಾಗಿ ಕರೆತಂದಿದ್ದಾರೆ’ ಎಂದು ಬರೆದರು. ಮಗಳು ಏನೋ ಹೇಳಲು ಬಾಯಿ ತೆರೆದಳು. ಅಪ್ಪ ತಡವರಿಸಿ ಅವಳ ಕೈಹಿಡಿದು, “ಇರಲಿ ಬಿಡು,” ಎಂದರು. ಆ ‘ಇರಲಿ ಬಿಡು’ ಕೇಳಿದಾಗಲೇ ಟಪಾಲಕ್ಕನಿಗೆ ಏನೋ ತಪ್ಪಿದೆ ಎನ್ನಿಸಿತ್ತು. ಮೇಲೆ ಬಂದು ಲಾಗ್ ತೆರೆದಳು. ಮೂರು ಸಾಲು ಇದ್ದವು. ತಾರೀಕು, ಗಂಟೆ, ನಿಮಿಷ, ಆ ಹೆಣ್ಣುಮಗಳ ವಿಳಾಸ, ತಿರಸ್ಕೃತ. ನೊಣಗಳ ನಡುವೆ ಒಂದು ಮುಖ.

ಆಗಲೇ ಕೆಳಗೆ ಇಳಿದು ಹೋಗಬಹುದಿತ್ತು. ಅವರು ಇನ್ನೂ ಔಷಧಿಯ ಸಾಲಿನಲ್ಲಿದ್ದರು; ಮೇಲಿನ ಕಿಟಕಿಯಿಂದ ಕಾಣುತ್ತಿದ್ದರು. ಇಪ್ಪತ್ತೆರಡು ಮೆಟ್ಟಿಲು. ಅವಳು ಮಾಡಿದ್ದೇನೆಂದರೆ, ಆ ಒಂದು ವಿಳಾಸಕ್ಕೆ ಮಾತ್ರ ಬೀಗದಲ್ಲಿ ಒಂದು ಸಂದು ಬಿಟ್ಟು, ಕುರ್ಚಿಗೆ ಒರಗಿ, ತಣ್ಣಗಾದ ಚಹಾ ಕುಡಿದದ್ದು. ಅಂದಿನಿಂದ ಡ್ರಾಫ್ಟಿನಲ್ಲಿ ಒಂದು ಪತ್ರ ಬೆಳೆಯುತ್ತ, ಸವೆಯುತ್ತ, ಮತ್ತೆ ಬೆಳೆಯುತ್ತ ಇತ್ತು. ಲಾಗುಗಳು ಒಂದು ವರ್ಷಕ್ಕೆ ತಾವಾಗಿಯೇ ಅಳಿಸಿಹೋಗುತ್ತವೆ. ಇನ್ನು ಐದು ತಿಂಗಳು. ಆ ಲೆಕ್ಕ ತನ್ನ ತಲೆಯಲ್ಲಿ ತಾನಾಗಿ ನಡೆಯುತ್ತಿದೆ ಎಂಬುದನ್ನು ಒಂದು ದಿನ ಬಟ್ಟೆ ಹಿಂಡುವಾಗ ಕಂಡುಕೊಂಡು, ಯಾರೋ ಕೆನ್ನೆಗೆ ಹೊಡೆದಂತೆ ಅಲ್ಲೇ ನಿಂತಿದ್ದಳು.

ಹನ್ನೊಂದೂವರೆಗೆ ಮೇಜಿನ ಫೋನ್ ಬಡಿದುಕೊಂಡಿತು. ಕೌಂಟರಿನವಳು.

“ಟಪಾಲಕ್ಕ, ಒಂದು ನಿಮಿಷ ಕೆಳಗೆ ಬರ್ತೀರಾ? ಇಲ್ಲೊಬ್ಬರು ತಿಂಗಳಾ ತಿಂಗಳಾ ಒಂದು ಕಾಗದ ತಂದು ನನ್ನ ಮೂಗಿಗೆ ಹಿಡೀತಾರೆ. ನನಗೆ ಅದು ತಲೆನೂ ಗೊತ್ತಾಗಲ್ಲ, ಬಾಲನೂ ಗೊತ್ತಾಗಲ್ಲ. ನಿಮ್ಮ ಕಡೇದಂತೆ. ಬಂದು ಏನಾದ್ರೂ ಹೇಳಿ ಕಳಿಸಿ.”

ಮೆಟ್ಟಿಲು ಇಳಿದಳು. ಗಡಿಯಾರದವರು ಗೋಡೆಗೆ ಒರಗಿದ ಬೆಂಚಿನಲ್ಲಿ ಕಣ್ಣುಮುಚ್ಚಿ ಕೂತಿದ್ದರು. ಎಡಗಣ್ಣಿಗೆ ಹನಿ ಹಾಕಿದ್ದರು, ಕೆನ್ನೆಯ ಮೇಲೆ ಅದರ ಹಳದಿ ಜಾಡು ಒಣಗಿತ್ತು. ತೊಡೆಯ ಮೇಲೆ ಬೆರಳುಗಳು ಹೆಬ್ಬೆರಳಿಗೆ ತಾಗಿ ತಾಗಿ ಏನನ್ನೋ ತಿರುಗಿಸುತ್ತಿದ್ದವು, ಕಾಣದ ಸಣ್ಣ ಸ್ಕ್ರೂ ಒಂದನ್ನು. ಮಗಳು ಎದ್ದು ನಿಂತಳು. ಮೂವತ್ತೈದು ಇರಬಹುದು. ತಲೆ ಬಾಚಿ ಬಿಗಿಯಾಗಿ ಕಟ್ಟಿದ್ದಳು, ಕೋರ್ಟಿಗೆ ಬಂದವಳ ಹಾಗೆ.

“ನೀವೇ ಅಲ್ವಾ ಅಮ್ಮ, ಅವತ್ತು ಡಾಕ್ಟರ ರೂಮಲ್ಲಿ ನೋಡಿ ಹೇಳಿದ್ದು?”

“ಹೌದು.”

“ಜಗಳಕ್ಕೆ ಕರೆಸಲಿಲ್ಲ. ಹೆದರಬೇಡಿ.” ಹೆದರಬೇಡಿ ಎಂದಳು! ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿನಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದಳು. “ಇದನ್ನ ಓದಿ ಹೇಳಿದ್ರೆ ಸಾಕು. ನಮ್ಮೂರಲ್ಲಿ ಮೂರು ಜನಕ್ಕೆ ತೋರಿಸಿದೆ. ಒಬ್ಬ ಇದು ಜಾಹೀರಾತು ಅಂದ, ಒಬ್ಬ ವೈರಸ್ಸು, ಮುಟ್ಟಬೇಡ ಅಂದ. ಇನ್ನೊಬ್ಬ ನನ್ನೇ ಒಂಥರಾ ನೋಡ್ದ. ಮೇಲ್ಗಡೆ ನೋಡಿ, ‘ಉತ್ತರ’ ಅಂತಿದೆ. ಉತ್ತರ ಬಂದಿದೆ ಅಂದ್ಮೇಲೆ ನಾನು ಬರೆದಿದ್ದೀನಿ ಅಂತ ತಾನೇ?”

ಹಾಳೆ ಮಡಿಸಿ ಮಡಿಸಿ ಬಟ್ಟೆಯಂತಾಗಿತ್ತು. ಎಷ್ಟು ಜನರ ಮುಂದೆ ಬಿಚ್ಚಿರಬೇಕು. ಕೆಳಗಿನ ಮಡಿಕೆಯ ಗೆರೆಯಲ್ಲಿ ಶಾಯಿ ಉದುರಿಹೋಗಿ ಕೊನೆಯ ಎರಡು ಸಾಲು ಬಿಳಿಚಿಕೊಂಡಿದ್ದವು. ಅಂಕಿಗಳ ಅರ್ಧ ಪುಟ ದಾಟಿ ಮೊದಲೂ ಯಾರೂ ಅಲ್ಲಿಯವರೆಗೆ ಓದಿರಲಿಕ್ಕಿಲ್ಲ, ಈಗಂತೂ ಬೇರೆ ಯಾರಿಗೂ ಓದಲು ಬರುವಂತಿರಲಿಲ್ಲ. ಅವಳಿಗೆ ಓದಬೇಕಾಗಿಯೇ ಇರಲಿಲ್ಲ. ಆ ನೆರಳಲ್ಲಿ ನಿಂತವರ ಕಾಗದವನ್ನು. ಎದುರಿಗೆ ನಿಂತ ಹೆಂಗಸಿನ ಕೈಗಳಿಂದ ಬೆಣ್ಣೆಯ, ಸಕ್ಕರೆಯ ತೆಳ್ಳನೆಯ ವಾಸನೆ ಬರುತ್ತಿತ್ತು. ತೊಳೆದರೂ ಹೋಗದಂಥದ್ದು. ಮುಟ್ಟುವುದಿಲ್ಲ ಎಂದು ಬರೆದದ್ದು ಈ ಕೈಗಳಿಗೆ.

“ಬಿಡಮ್ಮ, ಅವರಿಗೂ ಕೆಲಸ ಇರುತ್ತೆ,” ಎಂದರು ಗಡಿಯಾರದವರು, ಕಣ್ಣು ಮುಚ್ಚಿಕೊಂಡೇ. “ನೀನು ಬರೆದಿದ್ರೂ ಅಷ್ಟೇ, ಬರೀದೆ ಇದ್ರೂ ಅಷ್ಟೇ. ದಿನಾ ಎಂಟು ಗಂಟೆ ನಿಂತು ದುಡಿಯೋಳು, ಮರೆತಿರ್ತೀಯ. ಮನುಷ್ಯರು ಮರೀತಾರೆ. ನಾನು ಯಾವತ್ತಾದ್ರೂ ಒಂದು ಮಾತು ಅಂದಿದ್ದೀನಾ?”

ಮಗಳು ಅಪ್ಪನ ಕಡೆ ನೋಡಲಿಲ್ಲ. ಟಪಾಲಕ್ಕನ ಕಡೆಯೇ ನೋಡುತ್ತ, ಸಣ್ಣ ದನಿಯಲ್ಲಿ, “ಕೇಳಿದ್ರಾ? ಹೀಗೇ,” ಎಂದಳು. “ಅಣ್ಣನಾದ್ರೂ ಬಾಯಿಬಿಟ್ಟು ಅಂತಾನೆ, ಸುಳ್ಳಿ, ಬರೆದೇ ಇಲ್ಲ ಅಂತ. ಅವನ ಹತ್ರ ಜಗಳ ಆಡಬಹುದು. ಇವರು ಕ್ಷಮಿಸಿಬಿಟ್ಟಿದ್ದಾರೆ. ಮಾಡದೇ ಇದ್ದ ತಪ್ಪಿಗೆ ಕ್ಷಮಿಸಿದ್ರೆ ಏನಮ್ಮ ಮಾಡೋದು? ಊಟ ಬಡಿಸಿದ್ರೆ, ‘ಸಾಕಮ್ಮ, ಪಾಪ’ ಅಂತಾರೆ. ಆ ‘ಪಾಪ’ ಕೇಳಿದ್ರೆ ಅನ್ನ ಇಳಿಯಲ್ಲ ನನಗೆ.”

ಇದೇ ಹೊತ್ತು. ಬಾಯಿ ತೆರೆದರೆ ಆಯಿತು. ಕೌಂಟರಿನವಳು ಪೆನ್ನು ಕಚ್ಚಿಕೊಂಡು ನೋಡುತ್ತಿದ್ದಳು. ಪಕ್ಕದ ಬೆಂಚಿನ ಕಪ್ಪು ಕನ್ನಡಕದವರೂ ಕಿವಿ ಈ ಕಡೆ ಕೊಟ್ಟಿದ್ದರು. ‘ಬಾಗಿಲು ಕಾಯೋಕೆ ಇಟ್ಟಿದ್ದೀವಾ’ ಎಂದ ಆ ಹಳೆಯ ದನಿ ಎಲ್ಲಿಂದಲೋ ಬಂದು, ಕೈಬೆರಳುಗಳು ತಾವಾಗಿ ಒಂದನ್ನೊಂದು ಹಿಸುಕತೊಡಗಿದವು.

“ಇದು ಯಂತ್ರ ಕಳಿಸಿದ್ದು,” ಎಂದಳು. “ನೋಡಬೇಕು. ನೋಡಿ ಹೇಳ್ತೀನಿ.”

“ಏಳು ತಿಂಗಳಾಯ್ತು. ಇನ್ನೂ ಇರುತ್ತಾ ಅದೆಲ್ಲ ನಿಮ್ಮ ಕಂಪ್ಯೂಟರಲ್ಲಿ?”

“ಇರುತ್ತೆ,” ಎಂದಿತು ಬಾಯಿ, ಅವಳನ್ನು ಕೇಳದೆ.

ಮಗಳ ಮುಖದಲ್ಲಿ ಏನೋ ಸರಿಯಿತು. ಆಸೆಯೋ, ಅನುಮಾನವೋ ತಿಳಿಯಲಿಲ್ಲ. ಅಷ್ಟರಲ್ಲಿ ನರ್ಸ್ ಬಂದು ಗಡಿಯಾರದವರ ಹೆಸರು ಕೂಗಿದಳು. ಮಗಳು ಹಾಳೆಯನ್ನು ಅದರದೇ ಮಡಿಕೆಗಳಲ್ಲಿ ಮಡಿಸಿ, ಕವರಿನಲ್ಲಿಟ್ಟು, ಅಪ್ಪನ ಮೊಣಕೈ ಹಿಡಿದಳು. “ಮೂರೂ ಇಪ್ಪತ್ತರ ಬಸ್ಸಿಗೆ ಹೋಗ್ತೀವಿ. ಅಷ್ಟರೊಳಗೆ ನೋಡ್ತೀರಾ?” ಎಂದಳು. “ನೋಡ್ತೀನಿ,” ಎಂದಳು ಇವಳು. ಅವರು ಕತ್ತಲೆ ಕೋಣೆಯ ಪರದೆ ಸರಿಸಿ ಒಳಗೆ ಹೋದರು. ಅಪ್ಪ ಕಾಲಿನಿಂದ ಹೊಸ್ತಿಲನ್ನು ಹುಡುಕಿದ್ದು ಮಾತ್ರ ಕಂಡಿತು.

ಮೇಲೆ ಕೇಬಲ್ ನೆಲದ ಮೇಲೆ ಅಂಗಾತ ಬಿದ್ದು, ಮೇಜಿನಡಿಯ ತಂತಿಗಳನ್ನು ಬಿಡಿಸುತ್ತಿದ್ದ. ಅವನ ಕಾಲು ಎರಡು ಮಾತ್ರ ಹೊರಗಿದ್ದವು. ಮುಖ ಕಾಣದಿದ್ದುದರಿಂದ ಕೇಳುವುದು ಸುಲಭವಾಯಿತು.

“ಅಲ್ಲ ಕೇಬಲ್ಲು, ಒಂದು ಬೀದೀಲಿ ನಾಲ್ಕು ಜನ ಕಳ್ಳರು ಇದ್ರೆ ಬೀದಿಗೇ ಬಾಗಿಲು ಹಾಕೋದು ಸರೀನಾ?”

“ನೀನೇ ನನಗೆ ಪಾಠ ಹೇಳಿದ್ದೆಯಲ್ಲ ಟಪಾಲಕ್ಕ. ಬೀದಿಯೋರಿಗೆ ತೊಂದ್ರೆ ಆಗಬೇಕು, ಆಗ ಅವರೇ ಕಂಪನಿ ಜುಟ್ಟು ಹಿಡ್ಕೊಂಡು ಕಳ್ಳರನ್ನ ಓಡಿಸ್ತಾರೆ ಅಂತ.”

“ಓಡಿಸಿದ್ರಾ?”

ಮೇಜಿನಡಿಯಿಂದ ನಗು ಬಂತು. “ಎಲ್ಲಿ ಓಡಿಸ್ತಾರೆ? ಊರಿಗೊಂದೇ ಕಂಪನಿ. ಜುಟ್ಟು ಹಿಡಿಯೋಕೆ ಹೋದ್ರೆ ಇದ್ದ ಲೈನೂ ಕತ್ತರಿಸ್ತಾರೆ. ಕಳ್ಳರಿಗೆ ಏನಾಗಿದೆ? ಅವರು ದಿನಕ್ಕೊಂದು ಮನೆ ಬದಲಾಯಿಸ್ತಾರೆ. ಬಡಪಾಯಿಗಳು ಬದಲಾಯಿಸಲ್ಲ, ಅಷ್ಟೇ.” ಬಿಡಿಸಿದ ತಂತಿಯೊಂದನ್ನು ಹೊರಗೆ ಎಸೆದು, “ಯಾಕೆ? ಏನಾಯ್ತು?” ಎಂದ.

“ಏನಿಲ್ಲ” ಎಂಬುದು ನಾಲಿಗೆಯ ತುದಿಗೆ ಬಂತು. ನುಂಗಿದಳು. “ಆಗಿದೆ,” ಎಂದಳು. “ಆಮೇಲೆ ಹೇಳ್ತೀನಿ. ನಿನಗಿಂತ ಮೊದಲು ಹೇಳಬೇಕಾದೋರು ಇದ್ದಾರೆ.”

ಡ್ರಾಫ್ಟ್ ತೆರೆದಳು. ಒಂದೂವರೆ ಪುಟ. ಕಂಪನಿಯ ದುರ್ನಡತೆ, ನೂರಾ ಹನ್ನೊಂದು ದೂರು, ಆಪರೇಷನ್ ಪಟ್ಟಿ ನಿಂತ ಎರಡು ದಿನ, ಇಪ್ಪತ್ತಾರು ರೋಗಿಗಳು, ಆಡಳಿತದ ಸೂಚನೆ, ಹೀಗಾಗಿ, ಆದಕಾರಣ. ಇಷ್ಟು ದೊಡ್ಡ ಮೆರವಣಿಗೆಯ ಕೊನೆಯಲ್ಲಿ, ಹಿಂದೆ ಹಿಂದೆ, ‘ತಾಂತ್ರಿಕ ಕಾರಣಗಳಿಂದಾಗಿ ತಮ್ಮ ಪತ್ರಗಳು’ ಎಂದು ಅರ್ಧಕ್ಕೆ ನಿಂತ ಆ ಮಾತು. ಓದಿಕೊಂಡರೆ, ಇದು ಆ ಹೆಣ್ಣುಮಗಳಿಗೆ ಬರೆದದ್ದೇ ಅಲ್ಲ, ಯಾವುದೋ ವಿಚಾರಣೆಗೆ ಮುಂಚಿತವಾಗಿ ತಯಾರಿಸಿಟ್ಟ ಹೇಳಿಕೆ. ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ‘ಬಂದಿಲ್ಲ ಸಾರ್’ ಎಂಬುದರಲ್ಲೂ ಇರಲಿಲ್ಲ. ಬಾಗಿಲ ಹೊರಗೇ ನಿಲ್ಲಿಸಿದ್ದು ಒಳಗೆ ಬಂದಿರುವುದಿಲ್ಲ. ಸುಳ್ಳು ಹೇಳದೆಯೇ ಒಬ್ಬಳನ್ನು ಸುಳ್ಳಿ ಮಾಡಬಹುದು ಎಂದು ಅವಳಿಗೆ ಯಾವ ಕೋರ್ಸೂ ಕಲಿಸಿರಲಿಲ್ಲ, ತಾನೇ ಕಲಿತಿದ್ದಳು. ಎಲ್ಲವನ್ನೂ ಅಳಿಸಿದಳು. ಬಿಳಿಯ ಪರದೆ. ಹಾಗೆ ನೋಡುತ್ತ ಎಷ್ಟೋ ಹೊತ್ತು ಕೂತಳು. ಗಡಿಯಾರದವರ ಕಣ್ಣಿಗೆ ಇಳಿದ ಪರದೆ ಬಿಳಿಯೋ ಕಪ್ಪೋ, ಯಾರೂ ಕೇಳಿರಲಿಕ್ಕಿಲ್ಲ.

ನೆಟ್ಟಗೆ ಬರೆಯುವುದು ಕಷ್ಟವಾಗಲಿಲ್ಲ. ಮೊದಲ ಪದ ‘ನಾನು’ ಎಂದಿಟ್ಟ ಮೇಲೆ ಮಿಕ್ಕದ್ದು ಇಳಿಜಾರಿನ ನೀರಿನಂತೆ ಬಂತು.

‘ನಾನು ಈ ಆಸ್ಪತ್ರೆಯ ಇಮೇಲ್ ನೋಡಿಕೊಳ್ಳುವವಳು. ನೀವು ನಿಮ್ಮ ತಂದೆಯ ಕಣ್ಣಿನ ಬಗ್ಗೆ ಮೂರು ಸಲ ಬರೆದಿದ್ದೀರಿ. ಮೂರೂ ನಮ್ಮ ಬಾಗಿಲಿಗೆ ಬಂದಿವೆ. ನಿಮ್ಮ ಊರಿನ ಕಂಪನಿಯ ಮೇಲಿನ ಸಿಟ್ಟಿಗೆ ಅಲ್ಲಿಂದ ಬರುವ ಎಲ್ಲರ ಕಾಗದವನ್ನೂ ನಾನು ನಿಲ್ಲಿಸಿದ್ದೆ. ನಿಮ್ಮದನ್ನೂ ನಿಲ್ಲಿಸಿದವಳು ನಾನು. ನಿಮಗೆ ಬಂದದ್ದು ಮುಟ್ಟಿತು ಎನ್ನುವ ಉತ್ತರವಲ್ಲ, ಬೇಡ ಎನ್ನುವ ಉತ್ತರ. ಅದರ ಕೊನೆಯ ಎರಡು ಸಾಲು ನನ್ನವು. ಡಾಕ್ಟರ ಮುಂದೆ ಬಂದಿಲ್ಲ ಎಂದೆ. ಅದೇ ದಿನ ಮಧ್ಯಾಹ್ನ ನನಗೆ ನಿಜ ಗೊತ್ತಾಯಿತು. ಏಳು ತಿಂಗಳು ಸುಮ್ಮನಿದ್ದೆ. ನಿಮ್ಮ ಮೂರು ಕಾಗದಗಳ ತಾರೀಕು, ಗಂಟೆ, ನಿಮಿಷ ಕೆಳಗೆ ಕೊಟ್ಟಿದ್ದೇನೆ. ಮೊದಲನೆಯದು ಮಿಂಚು ಹೊಡೆದ ದಿನವೇ ಬರೆದದ್ದು. ನೀವು ಒಂದು ಗಂಟೆಯನ್ನೂ ತಡ ಮಾಡಿಲ್ಲ.’

ಇಲ್ಲಿಗೆ ನಿಂತು ಓದಿಕೊಂಡಾಗ ಒಂದು ವಿಷಯ ಹೊಳೆಯಿತು. ಇದನ್ನು ಮಗಳೇ ಓದಿ ಹೇಳಿದರೆ ಅಪ್ಪ ಏನೆನ್ನುತ್ತಾರೆ? ಪಾಪ, ಇನ್ನೂ ಒಂದು ಕಥೆ ಕಟ್ಟಿಕೊಂಡು ಬಂದಿದ್ದಾಳೆ ಎಂದು ಇದನ್ನೂ ಕ್ಷಮಿಸಿಬಿಡುತ್ತಾರೆ. ಕೆಳಗೆ ಸೇರಿಸಿದಳು: ‘ದಯವಿಟ್ಟು ಇದನ್ನು ನೀವು ಓದಬೇಡಿ. ನಿಮ್ಮ ಅಣ್ಣನ ಕೈಗೆ ಕೊಟ್ಟು, ನಿಮ್ಮ ತಂದೆಯ ಮುಂದೆ, ಗಟ್ಟಿಯಾಗಿ ಓದಿಸಿ. ಅನುಮಾನ ಬಂದರೆ ನನಗೆ ಫೋನ್ ಮಾಡಲಿ, ನಾನೇ ಹೇಳುತ್ತೇನೆ.’ ತನ್ನ ಸ್ವಂತ ನಂಬರ್ ಹಾಕಿದಳು. ಆಮೇಲೆ, ಹೆಚ್ಚು ಯೋಚಿಸಿದರೆ ಕೈ ನಿಲ್ಲುತ್ತದೆಂದು ಗೊತ್ತಿದ್ದು, ಪತ್ರದ ನಕಲು ಹೋಗುವ ಜಾಗದಲ್ಲಿ ಮುಖ್ಯ ವೈದ್ಯರ ವಿಳಾಸ, ಅದರ ಪಕ್ಕ ರೆಟಿನಾ ಡಾಕ್ಟರ ವಿಳಾಸ ಹಾಕಿದಳು. ಫೈಲಿನಲ್ಲಿರುವ ‘ನಿರ್ಲಕ್ಷ್ಯ’ ಎಂಬ ಮಾತನ್ನು ಹೊಡೆದುಹಾಕಬೇಕೆಂದು ಒಂದು ಸಾಲು ಬರೆದಳು. ನಿವೃತ್ತಿಗೆ ನಾಲ್ಕು ವರ್ಷವಿತ್ತು. ಅಲ್ಲಿಯವರೆಗೆ ಕೆಲಸ ಇರಬಹುದು, ಇಲ್ಲದಿರಬಹುದು. ನಾದಿನಿಗೆ ಸಂಜೆ ಹೇಳಬೇಕು, ಏನನ್ನುತ್ತಾಳೋ. ಏನಂದರೂ ಅನ್ನಲಿ, ಇಷ್ಟು ದಿನ ಅವಳ ಬಾಯಿಗೂ ಬೀಗ ಹಾಕಿದಂತೆಯೇ ಆಗಿತ್ತಲ್ಲ.

ಬೀಗದ ಸಾಲನ್ನೂ ತೆರೆದು ನೋಡಿದಳು. ಅರವತ್ತೈದು ಸಾವಿರ ವಿಳಾಸಕ್ಕೆ ಒಂದು ಸಾಲು. ಅಳಿಸಿದಳು. ಅದರ ಜೊತೆಗೆ ಆ ಎರಡು ಸಾಲಿನ ಶಾಪವನ್ನೂ. ಗಂಟೆಯೊಳಗೆ ಎಣ್ಣೆ, ಲಾಟರಿ, ರಾಜಕುಮಾರರು ಸಾಲುಗಟ್ಟುತ್ತಾರೆ, ಬಾಗಿಲಲ್ಲಿ ಕೂತು ಒಂದೊಂದನ್ನೂ ಮುಖ ನೋಡಿ ಆರಿಸಬೇಕು. ಹಳೆಯ ಲಾಗಿನಲ್ಲಿ ಇನ್ನೆಷ್ಟು ಮುಖಗಳಿವೆಯೋ, ಅವನ್ನೂ ಹುಡುಕಬೇಕು. ಆಯಾಸ ಈಗಲೇ ಹೆಗಲಿಗೆ ಬಂದು ಕೂತಿತು. ಆದರೆ ಇದು ಕೆಲಸದ ಆಯಾಸ, ಅದಕ್ಕೆ ಹೆಸರಿತ್ತು.

ಕಳಿಸುವ ಮುಂಚೆ ಒಮ್ಮೆ ಬಾಯಲ್ಲೇ ಹೇಳಬೇಕು ಅನ್ನಿಸಿತು. ಎದ್ದಳು, ಇಳಿದಳು. ಈ ಸಲ ಚೀಲದಲ್ಲಿ ಏನನ್ನೂ ಹುಡುಕಲಿಲ್ಲ. ಬೆಂಚಿನ ಮೇಲೆ ಬೇರೆ ಯಾರೋ ಕೂತಿದ್ದರು.

“ಗಡಿಯಾರದವರು?”

“ಆಗಲೇ ಹೋದ್ರಲ್ಲ,” ಎಂದಳು ಕೌಂಟರಿನವಳು. “ಎಡಗಣ್ಣು ಚೆನ್ನಾಗಿದೆಯಂತೆ. ಆ ಹೆಂಗಸು ಹೋಗೋವಾಗ ಮೆಟ್ಟಿಲ ಕಡೆ ಎರಡು ಸಲ ನೋಡಿದ್ರು. ನಿಮ್ಮನ್ನೇ ಇರಬೇಕು. ಏನದು ಅವರ ಕಾಗದ, ಕೊನೆಗೂ?”

“ನಿಜವಾದ ಕಾಗದ,” ಎಂದಳು. “ಅವರು ಬರೆದಿದ್ರು.”

ಕೌಂಟರಿನವಳ ಪೆನ್ನು ಬಾಯಿಂದ ಕೆಳಗೆ ಬಂತು. ಗೋಡೆಯ ಗಡಿಯಾರದಲ್ಲಿ ಮೂರೂವರೆ. ಅವರು ಈಗ ಬಸ್ಸಿನಲ್ಲಿರುತ್ತಾರೆ; ಅಪ್ಪ ಕಣ್ಣು ಮುಚ್ಚಿಕೊಂಡು, ಮಗಳು ಕಿಟಕಿಯ ಕಡೆ ಮುಖ ಮಾಡಿಕೊಂಡು. ಇಪ್ಪತ್ತೆರಡು ಮೆಟ್ಟಿಲು ಮತ್ತೆ ಹತ್ತಿದಳು. ಕೂತು, ಇನ್ನೊಮ್ಮೆ ಓದಲಿಲ್ಲ. ಓದಿದರೆ ಒಂದು ‘ಆದಕಾರಣ’ ಎಲ್ಲಿಂದಾದರೂ ನುಸುಳುತ್ತದೆ. ಕಳಿಸಿದಳು.

ಅಭ್ಯಾಸದಿಂದ ಲಾಗ್ ತೆರೆದು ನೋಡುತ್ತ ಕೂತಳು. ಅಲ್ಲಿಂದ ತಿರಸ್ಕೃತ ಎಂದು ಬಂದರೆ ಬರಲಿ, ಅದು ನ್ಯಾಯವೇ. ಒಂದು ಸೆಕೆಂಡು, ಎರಡು ಸೆಕೆಂಡು. ನಾಲ್ಕೂವರೆ ವರ್ಷ ಅವಳು ಬಾಗಿಲು ಮುಚ್ಚಿದ್ದ ಆ ಕಂಪನಿಯ ಯಂತ್ರ, ನೀನು ಯಾರು, ಇಷ್ಟು ತಡ ಯಾಕೆ ಎಂದು ಒಂದು ಮಾತನ್ನೂ ಕೇಳದೆ, ಕಾಗದವನ್ನು ಒಳಗೆ ತೆಗೆದುಕೊಂಡಿತು.